ವರ ಸಿಕ್ಕಿದ ವಾಸಂತಿ

ಎಲ್ಲಕ್ಕೂ ಕಾರಣ ಎರಡಕ್ಷರದ ಒಂದು ಪದ. ಬರೆಯುವಾಗ ವಾಸಂತಿಯ ಪೆನ್ನು ತಡವರಿಸಲಿಲ್ಲ. ಒಲೆಯಿಂದ ಆಗಷ್ಟೇ ಇಳಿಸಿದ ಬಾಣಲೆಯೂ ತಣ್ಣಗಿನ ಬಾಣಲೆಯೂ ನೋಡಲು ಒಂದೇ ಥರ ಇರುತ್ತವಲ್ಲ, ಕೆಲವು ಪದಗಳೂ ಹಾಗೆ. ಕೈ ಸುಟ್ಟ ಮೇಲೆಯೇ ಗೊತ್ತಾಗುವುದು.

ಆ ಭಾನುವಾರ ಅವಳಿಗೆ ನಲವತ್ತು ತುಂಬಿತ್ತು. ಕೀಲ್ಪಾಕ್‌ನ ಒಂದು ತಮಿಳು ಕ್ರೈಸ್ತ ದೇವಾಲಯದಲ್ಲಿ ಒಂಬತ್ತರಿಂದ ಹತ್ತೂವರೆಯವರೆಗೆ ಕನ್ನಡದವರಿಗೆ ಜಾಗ. ಏಳಕ್ಕೆ ತಮಿಳು ಆರಾಧನೆ, ಹನ್ನೊಂದಕ್ಕೆ ಇಂಗ್ಲಿಷ್, ನಡುವೆ ಇವರ ಎಪ್ಪತ್ತು ಮನೆಯವರ ಸಭೆ. ಅಲ್ಲೊಂದು ಪದ್ಧತಿ: ಹುಟ್ಟುಹಬ್ಬ, ಮದುವೆಯ ದಿನ, ಮಕ್ಕಳ ಪರೀಕ್ಷೆ, ಹೊಸ ಸ್ಕೂಟರ್, ಏನೇ ಇರಲಿ, ಲಕೋಟೆಯಲ್ಲಿ ಸ್ತೋತ್ರಕಾಣಿಕೆ ಇಟ್ಟು ಮೇಲೆ ಕಾರಣ ಬರೆದು ತಟ್ಟೆಗೆ ಹಾಕಬೇಕು. ಕಾರ್ಯದರ್ಶಿ ಜಯಪ್ರಕಾಶರು ಮೈಕಿನ ಮುಂದೆ ನಿಂತು ಒಂದೊಂದಾಗಿ ಓದುತ್ತಾರೆ. ಅವರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಯಾವ ಲಕೋಟೆ ಓದಿದರೂ ಕೇಳುವವರಿಗೆ ಮೂರನೇ ಪ್ಲಾಟ್‌ಫಾರಂಗೆ ಗಾಡಿ ಬಂದಂತೆ ಆಗುತ್ತದೆ.

ಹದಿನೈದು ವರ್ಷಗಳಿಂದ ವಾಸಂತಿ ತನ್ನ ಲಕೋಟೆಯ ಮೇಲೆ "ಹುಟ್ಟುಹಬ್ಬದ ಸ್ತೋತ್ರಕಾಣಿಕೆ" ಎಂದಷ್ಟೇ ಬರೆಯುತ್ತಿದ್ದಳು. ಜಯಪ್ರಕಾಶರು ಅಷ್ಟೇ ಓದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವರು ಪ್ರತಿ ಸಲ ಕನ್ನಡಕ ಸರಿಮಾಡಿಕೊಂಡು ಸೇರಿಸುತ್ತಿದ್ದರು: "ನಮ್ಮ ಪ್ರಿಯ ಸಹೋದರಿಗೆ ಈ ವರ್ಷವಾದರೂ ತಕ್ಕ ಬಾಳಸಂಗಾತಿ ದೊರೆಯಲಿ ಎಂದು ಸಭೆ ಪ್ರಾರ್ಥಿಸಲಿ." ಸಭೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿತ್ತು. ಮೊದಲ ವರ್ಷ ಅವಳಿಗೆ ನಾಚಿಕೆಯಾಯಿತು, ಐದನೆಯ ವರ್ಷ ಬೇಸರ, ಹತ್ತನೆಯ ವರ್ಷದಿಂದ ಶುದ್ಧ ಸಿಟ್ಟು. ಟೈಫಾಯ್ಡ್ ಬಂದವರು, ಕೆಲಸ ಹೋದವರು, ಕಾಲು ಮುರಿದವರು, ಆಮೇಲೆ ವಾಸಂತಿ. ಕಾಲು ಮುರಿದವರ ಹೆಸರಾದರೂ ಆರು ವಾರಕ್ಕೆ ಪಟ್ಟಿಯಿಂದ ಇಳಿಯುತ್ತಿತ್ತು.

ಅವಳಿಗೇನೂ ಮುರಿದಿರಲಿಲ್ಲ. ಪ್ಯಾರೀಸ್ ಕಾರ್ನರ್ ಹತ್ತಿರದ ವಿಮಾ ಕಚೇರಿಯಲ್ಲಿ ಕೆಲಸ, ಎರಡು ಕೋಣೆಯ ಮನೆ, ಟೆರೇಸಿನಲ್ಲಿ ಕರಿಬೇವಿನ ಗಿಡ. ಇಪ್ಪತ್ತೆಂಟರಲ್ಲಿ ಬಂದ ಸಂಬಂಧ ತಪ್ಪಿತ್ತು, ಮೂವತ್ತೊಂದರಲ್ಲಿ ಬಂದದ್ದನ್ನು ಅವಳೇ ಬೇಡವೆಂದಿದ್ದಳು. ಆಮೇಲೆ ದೇವರ ಮುಂದೆ ಮೊಣಕಾಲೂರಿ ಬೇಡಿದಳು, ಅತ್ತಳು, ಜಗಳವನ್ನೂ ಆಡಿದಳು. ಒಂದು ದಿನ ನೋಡಿದರೆ ತಾನು ಯಾರಿಗೂ ಕಾಯುತ್ತಿಲ್ಲ ಎಂದು ತಿಳಿಯಿತು. ಬೇಳೆ ಬೆಂದ ಹಾಗೆ, ಮುಚ್ಚಳ ತೆಗೆದಾಗ ಆಗಲೇ ಆಗಿತ್ತು.

ಆದರೆ ಸಭೆಯ ಲೆಕ್ಕವೇ ಬೇರೆ. ಮದುವೆಯಾದ ಹೆಂಗಸರಿಗೆ ಸ್ತ್ರೀಯರ ಕೂಟ. ಆಗದವರು ಎಷ್ಟೇ ವಯಸ್ಸಾದರೂ ಯುವಜನ ಕೂಟ. ಹೀಗಾಗಿ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ವಾಸಂತಿ ಹದಿನಾರರ ಹುಡುಗಿಯರ ಜೊತೆ ನಿಂಬೆಹಣ್ಣು-ಚಮಚದ ಓಟ ಓಡುತ್ತಿದ್ದಳು.

ಅದನ್ನೂ ಅವಳು ಸಹಿಸಿದ್ದಳು. ಸಹಿಸಲಾಗದ್ದು ಸಂಡೆ ಸ್ಕೂಲಿನ ವಿಷಯ. ಹನ್ನೊಂದು ವರ್ಷ ಪಾಠ ಬರೆದವಳು ಅವಳು, ಮನೆಯಲ್ಲಿ ತಮಿಳಲ್ಲೇ ಉತ್ತರ ಕೊಡುವ ಮಕ್ಕಳಿಗೆ ಕನ್ನಡದಲ್ಲಿ ಪ್ರಾರ್ಥನೆ ಕಲಿಸಿದವಳು ಅವಳು, ಕ್ರಿಸ್ಮಸ್ ನಾಟಕಕ್ಕೆ ಕುರುಬರ ಗಡ್ಡ ಅಂಟಿಸಿದವಳೂ ಅವಳೇ. ಹೆಸರು ಮಾತ್ರ "ಸಹಾಯಕಿ". ಸೂಪರಿಂಟೆಂಡೆಂಟ್ ಸ್ಥಾನ ಖಾಲಿಯಾದಾಗಲೆಲ್ಲ ಸಮಿತಿ ಒಂದೇ ಮಾತು ಹೇಳುತ್ತಿತ್ತು: "ಅದಕ್ಕೆ ಕುಟುಂಬಸ್ಥರು ಬೇಕು." ಈಗ ಸ್ಥಾನ ಮತ್ತೆ ಖಾಲಿಯಾಗಿತ್ತು. ಇವತ್ತು ಆರಾಧನೆ ಮುಗಿದ ಮೇಲೆ ತೀರ್ಮಾನ. ಈ ಸಲವೂ ತಪ್ಪಿದರೆ ಇನ್ನು ಕೇಳುವುದಿಲ್ಲ ಎಂದು ಅವಳು ನಿಶ್ಚಯಿಸಿದ್ದಳು.

ಅಂಥ ದಿನ ಜಯಪ್ರಕಾಶರು ಮೈಕಿನಲ್ಲಿ ಬಾಳಸಂಗಾತಿಯ ಸುದ್ದಿ ಎತ್ತಬಾರದು. ಅವರ ಬಾಯಿಗೆ ಮೊದಲೇ ಬೀಗ ಹಾಕಬೇಕು. ಅದಕ್ಕೆಂದೇ ವಾಸಂತಿ ಲಕೋಟೆಯ ಮೇಲೆ ವೇದವಾಕ್ಯವನ್ನೇ ಆಧರಿಸಿ ಬರೆದಳು:

"ನಲವತ್ತು ವರ್ಷ ಕಾದು, ನನಗೆ ತಕ್ಕ ವರವನ್ನು ಕೊಟ್ಟ ದೇವರಿಗೆ ಸ್ತೋತ್ರ. ಒಂದನೇ ಕೊರಿಂಥ, 7:7."

ಬೈಬಲಿನ ಆ ಪತ್ರದಲ್ಲಿ ಅಪೊಸ್ತಲ ಪೌಲನು ಮದುವೆಯಾಗಿರುವುದೂ ಒಂದು ವರ, ಆಗದೆ ಇರುವುದೂ ಒಂದು ವರ, ಎರಡೂ ದೇವರ ಕೊಡುಗೆಯೇ ಎನ್ನುತ್ತಾನೆ. ಯಾರಾದರೂ ತೆರೆದು ನೋಡಿದರೆ ಬಾಯಿ ಮುಚ್ಚಬೇಕು.

ಯಾರೂ ತೆರೆದು ನೋಡಲಿಲ್ಲ.

ಜಯಪ್ರಕಾಶರು ಲಕೋಟೆ ಎತ್ತಿದರು. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಪ್ಲಾಟ್‌ಫಾರಂ ಧ್ವನಿ ಮೊದಲ ಬಾರಿಗೆ ಗದ್ಗದವಾಯಿತು.

"ಪ್ರಿಯರೇ... ನಮ್ಮ ವಾಸಂತಿ... ನಲವತ್ತು ವರ್ಷ ಕಾದು... ಕಾದು... ಕೊನೆಗೂ ದೇವರು ಅವಳಿಗೆ ತಕ್ಕ ವರನನ್ನು ಕೊಟ್ಟಿದ್ದಾನೆ!"

"ಆಮೆನ್!" ಎಂದಿತು ಸಭೆ. ಈಸ್ಟರಿನ ದಿನವೂ ಅಷ್ಟು ಗಟ್ಟಿಯಾಗಿ ಎಂದಿರಲಿಲ್ಲ. ಕೀಬೋರ್ಡಿನ ಹುಡುಗಿ ಯಾರೂ ಹೇಳದೆಯೇ ಮದುವೆಯ ಮೆರವಣಿಗೆಯ ರಾಗ ಶುರುಮಾಡಿದಳು.

ವಾಸಂತಿ ದಡಕ್ಕನೆ ಎದ್ದು ನಿಂತಳು. "ಅಯ್ಯನವರೇ, ಅದು ವರನನ್ನು ಅಲ್ಲ, ವರವನ್ನು..."

ಅಯ್ಯನವರು, ಎಂದರೆ ಸಭಾಪಾಲಕರು, ಒಳ್ಳೆಯ ಮನುಷ್ಯ. ಆದರೆ ಅವರಿಗೆ ಬಲಗಿವಿ ಸ್ವಲ್ಪ ಮಂದ, ಮತ್ತು ಎದ್ದು ನಿಂತವರೆಲ್ಲ ಆಶೀರ್ವಾದಕ್ಕೇ ನಿಂತದ್ದು ಎಂಬುದು ಅವರ ನಂಬಿಕೆ. ವೇದಿಯಿಂದ ಇಳಿದು ಬಂದು ಅವಳ ತಲೆಯ ಮೇಲೆ ಕೈ ಇಟ್ಟರು. ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸುವವರಿಗೆ "ಕೈ ತೆಗೀರಿ" ಎನ್ನಲು ಸಂಡೆ ಸ್ಕೂಲಿನಲ್ಲಿ ಯಾರಿಗೂ ಕಲಿಸಿರುವುದಿಲ್ಲ. ವಾಸಂತಿ ಹಲ್ಲು ಕಚ್ಚಿ ತಲೆ ತಗ್ಗಿಸಿದಳು. ಸಭೆ ಅದನ್ನು ನಾಚಿಕೆ ಎಂದುಕೊಂಡಿತು.

ಆರಾಧನೆ ಮುಗಿದು ಅಂಗಳಕ್ಕೆ ಕಾಲಿಡುವುದರೊಳಗೆ ರತ್ನಾವತಿ ಅವಳ ಸೊಂಟ ಹಿಡಿದಾಗಿತ್ತು. ರತ್ನಾವತಿ ಎಂದರೆ ಜಯಪ್ರಕಾಶರ ಹೆಂಡತಿ, ಸ್ತ್ರೀಯರ ಕೂಟದ ಅಧ್ಯಕ್ಷೆ. ಅವರು ಯಾರನ್ನಾದರೂ ಅಪ್ಪಿಕೊಂಡರೆ ಚಪಾತಿ ಹಿಟ್ಟು ನಾದಿದಂತೆ.

"ಕಳ್ಳಿ! ನನಗೂ ಹೇಳ್ಲಿಲ್ಲ ಅಲ್ವಾ ನೀನು? ಇವತ್ತಿಂದ ನೀನು ನಮ್ಮ ಕೂಟಕ್ಕೆ ಬಾ ಮಾರಾಯ್ತಿ. ಆ ಮಕ್ಕಳ ಜೊತೆ ಓಡಿದ್ದು ಸಾಕು."

"ಆಂಟಿ, ನನಗೆ ಯಾರೂ ಸಿಕ್ಕಲಿಲ್ಲ. ನಾನು ಬರೆದದ್ದು..."

"ಹೌದೌದು, ಯಾರೂ ಸಿಕ್ಕಲಿಲ್ಲ. ನಾನೂ ನಿಶ್ಚಯ ಆಗುವವರೆಗೆ ಹಾಗೇ ಹೇಳ್ತಿದ್ದೆ."

ಯುವಜನ ಕೂಟದ ಕಾರ್ಯದರ್ಶಿ ತೃಷಾ ಓಡಿಬಂದಳು. ವಯಸ್ಸು ಹದಿನೇಳು. ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೊರಡುವುದು ಮಾತ್ರ ಮಿಶ್ರಣ. "ಅಕ್ಕಾ, ಸೊಲ್ಲವೇ ಇಲ್ಲೈ, ಹೇಳಲೇ ಇಲ್ಲ! ಮಾಪ್ಳೈ ಯಾರು, ಗಂಡು ಯಾರು? ನಿಮಗೆ ಫೇರ್‌ವೆಲ್ ಪಾರ್ಟಿ ಮಾಡ್ತೀವಿ ಅಕ್ಕಾ!"

"ಮಾಪ್ಳೈ ಇಲ್ಲ, ಏನೂ ಇಲ್ಲ. ಫೇರ್‌ವೆಲ್ ಬೇಕಿದ್ರೆ ಈಗಲೇ ಮಾಡು, ನಾನು ಹೋಗ್ತೇನೆ."

"ಕೋಪ ನೋಡಿ," ಎಂದರು ರತ್ನಾವತಿ ಸುತ್ತಲಿನವರಿಗೆ. "ಮದುವೆಗೆ ಮುಂಚೆ ಎಲ್ಲರಿಗೂ ಹೀಗೇ. ಟೆನ್ಶನ್."

ವರ ಇದ್ದಾನೆಂದ ಮೇಲೆ ಅವನು ಎಲ್ಲೋ ಇರಲೇಬೇಕು. ಹತ್ತಿಪ್ಪತ್ತು ಜೋಡಿ ಕಣ್ಣು ಅಂಗಳವನ್ನೆಲ್ಲ ಗುಡಿಸಿದವು. ಚಹಾದ ಮೇಜಿನ ಹತ್ತಿರ ಸುಘೋಷ ವಡೆ ತಿನ್ನುತ್ತಿದ್ದ. ನಲವತ್ತನಾಲ್ಕು ವಯಸ್ಸು, ಬ್ಯಾಂಕಿನ ಅಧಿಕಾರಿ, ಮಂಗಳೂರಿನಿಂದ ಶೋಳಿಂಗನಲ್ಲೂರ್ ಶಾಖೆಗೆ ವರ್ಗವಾಗಿ ಬಂದು ನಾಲ್ಕು ತಿಂಗಳು. ಮದುವೆಯಾಗಿಲ್ಲ. ಅಂಗಿ ನೀಲಿ. ವಾಸಂತಿಯ ಸೀರೆಯೂ ನೀಲಿ.

ಗಾಯನ ತಂಡದ ಹನ್ನೆರಡು ಮಂದಿಯೂ ಅವತ್ತು ನೀಲಿಯನ್ನೇ ಉಟ್ಟಿದ್ದರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

"ಓಹೋ!" ಎಂದರು ರತ್ನಾವತಿ.

ಆ ಓಹೋ ಸುಘೋಷನ ಕಿವಿಗೆ ಬಿತ್ತು. ಅಷ್ಟೂ ಜನ ತನ್ನನ್ನೇ ನೋಡಿ ನಗುತ್ತಿರುವುದು ಕಂಡಿತು. ವಡೆ ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಅವನು ನಲ್ಲಿಯ ಕಡೆಗೆ ಓಡಿದ.

"ಆನಂದಬಾಷ್ಪ," ಎಂದರು ಯಾರೋ.

ಅಷ್ಟರಲ್ಲಿ ವಾಸಂತಿಯ ಫೋನು ಹೊಡೆದುಕೊಂಡಿತು. ಕಾರ್ಕಳದಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ. ಸಭೆಯ ವಾಟ್ಸಾಪ್ ಗುಂಪು ಸುದ್ದಿಯನ್ನು ಆಗಲೇ ಕಾರ್ಕಳ ಮುಟ್ಟಿಸಿತ್ತು.

"ಮಗಾ," ಅಮ್ಮ ಅಳುತ್ತಿದ್ದರು. "ಹುಡುಗ ಬ್ಯಾಂಕಿನಲ್ಲಂತೆ. ಸುಘೋಷ ಅಂತ ಹೆಸರಂತೆ. ನಂಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

ಬೇರೆಯವರ ಮೇಲೆ ಉಕ್ಕುತ್ತಿದ್ದ ಸಿಟ್ಟು ಅಮ್ಮನ ದನಿಗೆ ಒಮ್ಮೆಲೇ ಇಳಿಯಿತು. ಗೋಡೆಯ ಮರೆಗೆ ಹೋಗಿ ವಾಸಂತಿ ಹೇಳಿದಳು, "ಅಮ್ಮ, ಯಾರೂ ಇಲ್ಲಮ್ಮ. ಇವರು ತಪ್ಪು ಓದಿದ್ದು."

ಅಮ್ಮನ ಅಳು ನಿಂತಿತು.

"ಯಾರೂ ಇಲ್ವಾ?"

"ಇಲ್ಲ. ನಂಗೆ ಬೇಕು ಅಂತಲೂ ಇಲ್ಲ. ನಾನು ಚೆನ್ನಾಗಿದ್ದೇನೆ ಅಮ್ಮ."

"ಅದು ನಂಗೆ ಗೊತ್ತುಂಟು," ಎಂದರು ಅಮ್ಮ ಮೆಲ್ಲಗೆ. "ನಿನ್ನ ಸ್ವರದಲ್ಲೇ ಗೊತ್ತಾಗ್ತದೆ. ಜನ ಕೇಳುವಾಗ ಎಂತ ಹೇಳುವುದು ಅಂತ ಗೊತ್ತಾಗದೆ ಅಳು ಬರ್ತದೆ, ಅಷ್ಟೆ." ಮೂಗು ಒರೆಸಿಕೊಂಡ ಸದ್ದು. "ಊಟ ಮಾಡು ಮಗಾ. ಇವತ್ತು ಪಾಯಸ ಆದ್ರೂ ಮಾಡ್ಕೊ." ಆಮೇಲೆ, ಫೋನು ಇಡುವ ಮೊದಲು, "ಆದ್ರೂ ಆ ಸುಘೋಷ ನೋಡ್ಲಿಕ್ಕೆ ಹೇಗಿದ್ದಾನೆ?"

ವಾಸಂತಿ ಫೋನು ಇಟ್ಟಳು.

ಗೇಟಿನ ಬಳಿ ಕಿಟ್ಟಣ್ಣ ಖಾಲಿ ಪಾತ್ರೆಗಳನ್ನು ವ್ಯಾನಿಗೆ ಏರಿಸುತ್ತಿದ್ದರು. ಪಕ್ಕದ ಬೀದಿಯಲ್ಲಿ ಅವರದು ಉಡುಪಿ ಹೋಟೆಲು. ಭಾನುವಾರದ ವಡೆ-ಸಾಂಬಾರು ಅವರದೇ. ವಾಸಂತಿಯ ಮುಖ ನೋಡಿದ್ದೇ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟರು.

"ಎಂತ ಅಮ್ಮ, ಒಳಗೆ ಭಾರೀ ಗಲಾಟೆ? ರತ್ನಾವತಿಯಮ್ಮ ಆಗಲೇ ಮುನ್ನೂರು ಜನಕ್ಕೆ ಊಟದ ಮೆನು ಕೇಳಿದ್ರು."

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಲಕೋಟೆಯ ಮೇಲೆ ಬರೆದದ್ದನ್ನೂ ಹೇಳಿದಳು.

ಕಿಟ್ಟಣ್ಣ ಹುಬ್ಬೇರಿಸಿದರು. "ಅದರಲ್ಲಿ ಅರ್ಥ ಆಗದೆ ಇರೋದು ಎಂತದ್ದು? ದೇವರು ಕೊಟ್ಟದ್ದು ಅಂದ್ರೆ ವರವೇ ಅಲ್ಲವಾ? ನಮ್ಮ ಯಕ್ಷಗಾನದಲ್ಲಿ ಎಷ್ಟು ರಕ್ಕಸರು ತಪಸ್ಸು ಮಾಡಿ ವರ ಕೇಳ್ತಾರೆ. ಒಬ್ಬನಾದ್ರೂ ಗಂಡ ಬೇಕು ಅಂತ ಕೇಳಿದ್ದುಂಟಾ?"

ಬೆಳಗಿನಿಂದ ಮೊದಲ ಬಾರಿಗೆ ವಾಸಂತಿಗೆ ನಗು ಬಂತು. ಮರುಕ್ಷಣ ಅದೇ ಕಾರಣಕ್ಕೆ ಸಿಟ್ಟು ಇಮ್ಮಡಿಸಿತು. ಎಪ್ಪತ್ತು ಮನೆಯವರ ಕೈಯಲ್ಲೂ ಬೈಬಲ್ ಇದ್ದ ಸಭೆಯಲ್ಲಿ, ಬೈಬಲ್ ಮುಟ್ಟದ ಕಿಟ್ಟಣ್ಣನಿಗೆ ಮಾತ್ರ ಪೌಲನ ಮಾತು ತಿಳಿಯಬೇಕೆ!

"ನೀವು ಒಳಗೆ ಬಂದು ಅವರಿಗೆ ಪಾಠ ಹೇಳಿ ಕಿಟ್ಟಣ್ಣ."

"ನನಗೆ ಬೇಡಪ್ಪ. ಮುಂದಿನ ವಾರ ವಡೆ ಆರ್ಡರ್ ತಪ್ಪಿಹೋದೀತು."

ಹನ್ನೊಂದಕ್ಕೆ ಇಂಗ್ಲಿಷಿನವರು ದೇವಾಲಯಕ್ಕೆ ನುಗ್ಗಿದರು, ಕನ್ನಡ ಸಮಿತಿ ಹಿಂದಿನ ಹಾಲಿಗೆ ಸರಿಯಿತು. ಮೂರು ಫ್ಯಾನು, ಅದರಲ್ಲಿ ತಿರುಗುವುದು ಒಂದು. ಅದರ ಕೆಳಗೆ ಸಭಾಪಾಲಕರು, ಜಯಪ್ರಕಾಶರು, ರತ್ನಾವತಿ, ಬೆವರೊರೆಸಿಕೊಳ್ಳುವ ನಾಲ್ವರು ಹಿರಿಯರು, ಯುವಜನರ ಪರವಾಗಿ ತೃಷಾ. ಎದುರಿನ ಕುರ್ಚಿಯಲ್ಲಿ, ಸಹಾಯಕಿಯಾಗಿ, ವಾಸಂತಿ. ಮೂಲೆಯಲ್ಲಿ ಸುಘೋಷ. ಗೇಟು ದಾಟುತ್ತಿದ್ದವನನ್ನು ರತ್ನಾವತಿಯೇ ತೋಳು ಹಿಡಿದು ಕರೆತಂದು ಕೂರಿಸಿದ್ದರು. ನಾಯಿಗಳ ನಡುವೆ ಸಿಕ್ಕಿದ ಬೆಕ್ಕಿಗೂ ಅಷ್ಟು ಹೆದರಿಕೆ ಇರುವುದಿಲ್ಲ. ಅವನು ಬಾಗಿಲನ್ನೇ ನೋಡುತ್ತಿದ್ದ.

ಜಯಪ್ರಕಾಶರು ಗಂಟಲು ಸರಿಮಾಡಿಕೊಂಡರು. "ಸಂಡೆ ಸ್ಕೂಲ್ ಸೂಪರಿಂಟೆಂಡೆಂಟ್ ವಿಷಯ. ಇಷ್ಟು ವರ್ಷ ಒಂದು ಅಡ್ಡಿ ಇತ್ತು. ಇವತ್ತು ದೇವರೇ ಅದನ್ನು ಪರಿಹರಿಸಿದ್ದಾನೆ. ವಾಸಂತಿ ಕುಟುಂಬಸ್ಥೆ ಆಗ್ತಾ ಇದ್ದಾಳೆ. ಅವಳನ್ನೇ ನೇಮಿಸುವುದು. ಯಾರಿಗಾದರೂ ಆಕ್ಷೇಪ ಉಂಟಾ?"

ಯಾರಿಗೂ ಇರಲಿಲ್ಲ. ನಾಲ್ವರು ಹಿರಿಯರೂ ಕೈ ಎತ್ತಿದರು. ಹನ್ನೊಂದು ವರ್ಷ ಏಳದ ಕೈಗಳು ಹನ್ನೊಂದು ಸೆಕೆಂಡಿನಲ್ಲಿ ಎದ್ದವು.

ವಾಸಂತಿ ಕುರ್ಚಿಯ ಅಂಚು ಹಿಡಿದು ಕುಳಿತಳು. ಒಂದೇ ಒಂದು ಕೆಲಸ ಮಾಡಬೇಕಿತ್ತು: ಬಾಯಿ ಮುಚ್ಚಿಕೊಂಡಿರುವುದು. ಒಂದು ತಿಂಗಳು ಬಿಟ್ಟು "ಸಂಬಂಧ ತಪ್ಪಿತು" ಎಂದರೆ ಮುಗಿಯಿತು, ಕೊಟ್ಟ ಸ್ಥಾನವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಮಕ್ಕಳು ಅವಳ ಕೈಯಲ್ಲೇ ಉಳಿಯುತ್ತಾರೆ. ಅರ್ಧ ನಿಮಿಷ ಆ ಆಸೆ ನಾಲಗೆಯ ಮೇಲೆ ಬೆಲ್ಲದಂತೆ ಕರಗಿತು. ಆಮೇಲೆ ಕಹಿ ಹತ್ತಿತು. ಇಲ್ಲದ ಗಂಡನ ಹೆಸರಿನಲ್ಲಿ ಸಿಗುವ ಗೌರವ! ತಾನು ಹನ್ನೊಂದು ವರ್ಷ ದುಡಿದದ್ದಕ್ಕೆ ಬೆಲೆಯಿಲ್ಲ, ವಡೆ ಗಂಟಲಿಗೆ ಸಿಕ್ಕಿಸಿಕೊಂಡ ಒಬ್ಬ ಗಂಡಸಿನ ನೀಲಿ ಅಂಗಿಗೆ ಇಷ್ಟು ಬೆಲೆ!

"ಆಕ್ಷೇಪ ಉಂಟು," ಎಂದಳು.

"ಯಾರದ್ದು?"

"ನನ್ನದೇ. ಅಂಕಲ್, ಆ ಲಕೋಟೆ ಇದೆಯಲ್ಲ, ಅದರ ಮೇಲೆ ಬರೆದ ವಚನ ತೆರೀರಿ. ಎಲ್ಲರೂ ತೆರೀರಿ. ತೃಷಾ, ನೀನು ಫೋನಿನಲ್ಲಿ ತೆರಿ."

ಹಾಳೆಗಳ ಸರಸರ ಸದ್ದು. ಒಬ್ಬ ಹಿರಿಯರು ತಪ್ಪಿ ಗಲಾತ್ಯದ ಪತ್ರದಲ್ಲಿ ಹುಡುಕುತ್ತಿದ್ದರು, ರತ್ನಾವತಿ ಪುಟ ತಿರುಗಿಸಿ ಕೊಟ್ಟರು. ಜಯಪ್ರಕಾಶರ ತುಟಿಗಳು ಅಲುಗಾಡಿದವು, ನಿಂತವು, ಮತ್ತೆ ಅಲುಗಾಡಿದವು.

"ಅಂದ್ರೆ... ವರ ಅಂದ್ರೆ..."

"ಒಂಟಿಯಾಗಿರುವುದು. ಅದೇ ನನಗೆ ಸಿಕ್ಕಿದ ವರ. ಗಂಡು ಇಲ್ಲ, ಮದುವೆ ಇಲ್ಲ. ಈ ಸುಘೋಷ್ ಅವರಿಗೂ ನನಗೂ ಏನೂ ಸಂಬಂಧ ಇಲ್ಲ."

"ಸದ್ಯ!" ಎಂದ ಸುಘೋಷ. ಎಷ್ಟು ಗಟ್ಟಿಯಾಗಿ ಎಂದನೆಂದರೆ ತಾನೇ ಬೆಚ್ಚಿಬಿದ್ದ.

"ಇನ್ನೂ ಕೆಳಗೆ ಓದಿ," ವಾಸಂತಿಯ ಸ್ವರ ಏರಿತು. "ಮದುವೆಯಾದವರಿಗೆ ಮನೆಯ ಚಿಂತೆ ಇರ್ತದೆ, ಆಗದವರು ಪೂರ್ತಿ ಮನಸ್ಸು ಕರ್ತನ ಕೆಲಸಕ್ಕೆ ಕೊಡಬಹುದು ಅಂತ ಬರೆದಿದೆ. ನೀವು ನನಗೆ ಹನ್ನೊಂದು ವರ್ಷದಿಂದ ಯಾವುದನ್ನು ಕೊರತೆ ಅಂತ ಹೇಳ್ತಾ ಬಂದಿರೋ, ಅದನ್ನೇ ಪೌಲ ಅರ್ಹತೆ ಅಂತಾನೆ. ಈಗ ಹೇಳಿ, ಸಂಡೆ ಸ್ಕೂಲಿಗೆ ಯಾರು ಬೇಕು?"

ಸಭಾಪಾಲಕರು ಇಡೀ ಅಧ್ಯಾಯ ಓದಿ ಮುಗಿಸಿದರು. ಅವರ ಕಣ್ಣು ತೇವವಾಗಿತ್ತು.

"ವಾಸಂತಿಯವರೇ, ನಮ್ಮನ್ನು ಕ್ಷಮಿಸಿ. ಮೂವತ್ತು ವರ್ಷದಿಂದ ಪ್ರಸಂಗ ಮಾಡ್ತಿದ್ದೇನೆ. ಮದುವೆಯ ಮೇಲೆ ನೂರು ಮಾಡಿರಬಹುದು, ಇದರ ಮೇಲೆ ಒಂದೂ ಮಾಡಲಿಲ್ಲ. ನಾವು ತಪ್ಪಿದ್ದೇವೆ."

ಜಯಪ್ರಕಾಶರೂ ತಲೆದೂಗಿದರು. ಹಿರಿಯರೂ ತಲೆದೂಗಿದರು. ರತ್ನಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹದಿನೈದು ವರ್ಷಗಳ ಉರಿಗೆ ಯಾರೋ ತಣ್ಣೀರು ಹನಿಸಿದಂತಾಯಿತು ವಾಸಂತಿಗೆ. ಗೆದ್ದೆ ಎಂದುಕೊಂಡಳು.

"ಹಾಗಾದರೆ ಠರಾವು ಬದಲಾಯಿಸುವ," ಎಂದರು ಜಯಪ್ರಕಾಶರು ಹುರುಪಿನಿಂದ. "ಇನ್ನು ಮುಂದೆ ಸಂಡೆ ಸ್ಕೂಲಿಗೆ ಸಂಸಾರದ ಚಿಂತೆ ಇಲ್ಲದ, ಒಂಟಿಯಾಗಿರುವವರೇ ಸೂಪರಿಂಟೆಂಡೆಂಟ್. ವೇದವಾಕ್ಯದ ಪ್ರಕಾರ. ಸರಿಯಲ್ಲ?"

"ಸರಿ, ಸರಿ."

"ಹಾಗಾದರೆ ಸಹೋದರ ಸುಘೋಷ ಅವರನ್ನು ನೇಮಿಸುವುದು."

ತಿರುಗುತ್ತಿದ್ದ ಒಂದು ಫ್ಯಾನೂ ಒಂದು ಕ್ಷಣ ನಿಂತಂತಾಯಿತು.

"ಯಾರು?" ಎಂದಳು ವಾಸಂತಿ.

"ಅವರೂ ಒಂಟಿಯೇ ಅಲ್ವಾ? ಅಧಿಕಾರಿ, ಗಂಡಸು, ಜವಾಬ್ದಾರಿ ಹೊರಬಲ್ಲರು. ಪೌಲನ ಹಾಗೆಯೇ. ನೀನು ಹೇಗೂ ಸಹಾಯಕಿ ಇದ್ದೀ ಅಲ್ಲ, ಪಾಠ ಎಲ್ಲ ನೀನೇ ನೋಡ್ಕೊಳ್ಳುವುದು."

ನಾಲ್ಕು ಕೈಗಳು ಮತ್ತೆ ಎದ್ದವು.

"ಅವರು ಬಂದು ನಾಲ್ಕು ತಿಂಗಳಾಯ್ತು!" ವಾಸಂತಿ ಎದ್ದು ನಿಂತಳು. "ಮಕ್ಕಳಲ್ಲಿ ಒಬ್ಬರ ಹೆಸರಾದರೂ ಅವರಿಗೆ ಗೊತ್ತಾ? ನಾನು ಒಂಟಿಯಾಗಿದ್ದರೆ ಕೊರತೆ, ಅವರು ಒಂಟಿಯಾಗಿದ್ದರೆ ಪೌಲನಾ?"

ಸುಘೋಷನೂ ಎದ್ದು ನಿಂತ. ಕರ್ಚೀಫು ಹಿಂಡುತ್ತಿದ್ದ. "ಒಂದು ನಿಮಿಷ. ನಾನೊಂದು ವಿಷಯ ಹೇಳಬೇಕು. ಬೆಳಗ್ಗಿನಿಂದ ಹೇಳ್ಬೇಕು ಅಂತ ಇದ್ದೆ, ಯಾರೂ ಬಿಡಲಿಲ್ಲ. ನನಗೆ ಮದುವೆ ನಿಶ್ಚಯ ಆಗಿದೆ. ಮಂಗಳೂರಿನಲ್ಲಿ. ಮುಂದಿನ ತಿಂಗಳು ಹದಿನಾಲ್ಕಕ್ಕೆ ಮದುವೆ. ಈ ಗಲಾಟೆ ಅವಳ ಕಿವಿಗೆ ಬಿದ್ದರೆ ನನ್ನ ಗತಿ ಎಂತ?"

ವಾಸಂತಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಸಭೆಯ ಪರಿಸ್ಥಿತಿ ನೆನೆದು ಅಪ್ಪಿಕೊಳ್ಳಲಿಲ್ಲ. "ಕೇಳಿದಿರಾ? ಅವರು ಒಂಟಿಯಲ್ಲ. ಈಗ ತಾನೇ ನೀವೇ ಮಾಡಿದ ಠರಾವಿನ ಪ್ರಕಾರ ಅವರು ಆಗುವುದಿಲ್ಲ. ಬರೆದುಕೊಳ್ಳಿ ಅಂಕಲ್."

ಜಯಪ್ರಕಾಶರು ಪೆನ್ನು ಹಿಡಿದು ಯೋಚಿಸಿದರು. ಹಿರಿಯರತ್ತ ನೋಡಿದರು. ಅವರ ಮುಖ ನಿಧಾನವಾಗಿ, ಬೆಳಗಿನಂತೆಯೇ, ಬೆಳಗಿತು.

"ದೇವರಿಗೆ ಸ್ತೋತ್ರ! ಇನ್ನೂ ಒಳ್ಳೇದಾಯ್ತು. ಈ ತಿಂಗಳು ಒಂಟಿ, ಮುಂದಿನ ತಿಂಗಳು ಕುಟುಂಬಸ್ಥ. ಹೊಸ ಠರಾವಿಗೂ ಸರಿ, ಹಳೇದಕ್ಕೂ ಸರಿ! ಇಂಥವರು ಎಲ್ಲಿ ಸಿಗ್ತಾರೆ?"

ಚಪ್ಪಾಳೆ ಬಿತ್ತು. ಸುಘೋಷ ಅಡ್ಡಡ್ಡ ತಲೆಯಾಡಿಸಿದ್ದು ಯಾರಿಗೂ ಕಾಣಿಸಲಿಲ್ಲ. ರತ್ನಾವತಿ ಮುನ್ನೂರು ಜನರ ಊಟವನ್ನು ಅವನ ಆರತಕ್ಷತೆಗೆ ತಿರುಗಿಸಿಯೇಬಿಟ್ಟರು. ತೃಷಾ ವಾಸಂತಿಯ ಕೈ ಹಿಡಿದು ಸಮಾಧಾನ ಮಾಡಿದಳು. "ಪರವಾಯಿಲ್ಲೆ ಅಕ್ಕಾ. ನೀವು ನಮ್ಮ ಯೂತಲ್ಲೇ ಇರಿ."

ಸಭಾಪಾಲಕರಿಗೆ ಏನೋ ಸರಿಯಾಗಲಿಲ್ಲ ಎನಿಸಿರಬೇಕು. ಮಂದ ಕಿವಿಯನ್ನು ಉಜ್ಜಿಕೊಂಡು ಹೇಳಿದರು, "ಕೊನೆಯ ಪ್ರಾರ್ಥನೆ ವಾಸಂತಿಯವರು ಮಾಡಲಿ."

ಎಲ್ಲರೂ ಎದ್ದು ಕಣ್ಣು ಮುಚ್ಚಿದರು. ಆಗ ವಾಸಂತಿಗೆ ಹೊಳೆಯಿತು: ಈ ಜನ ನಡುವೆ ಬಾಯಿ ಹಾಕದೆ ಕೇಳುವ ಸಮಯ ಇಡೀ ವಾರದಲ್ಲಿ ಇದೊಂದೇ. ಪ್ರಾರ್ಥನೆಗೆ ಯಾರೂ ಆಕ್ಷೇಪ ಎತ್ತುವಂತಿಲ್ಲ.

"ಕರ್ತನೇ," ಎಂದು ಶುರುಮಾಡಿದಳು. "ನನ್ನನ್ನು ನಲವತ್ತು ವರ್ಷ ಕಾಪಾಡಿದ್ದಕ್ಕೆ ಸ್ತೋತ್ರ. ನಾನು ಯಾರೋ ಬಿಟ್ಟುಹೋದ ಸಾಮಾನಲ್ಲ, ಗಾಡಿ ತಪ್ಪಿದವಳಲ್ಲ, ಅರ್ಧ ಬೆಂದ ಅನ್ನವಲ್ಲ. ನಿನಗೆ ಅದು ಗೊತ್ತು. ಇವರಿಗೂ ಗೊತ್ತುಮಾಡು. ನಿನ್ನ ಮಗ ಈ ಭೂಮಿಯ ಮೇಲೆ ಒಂಟಿಯಾಗಿಯೇ ನಡೆದ. ಅವನಿಗೆ ಊಟ ಹಾಕಿದವರು ಇದ್ದರು, ಅವನ ಕಾಲು ತೊಳೆದವರು ಇದ್ದರು, ಮಕ್ಕಳು ಅವನ ಮಡಿಲೇರಿದ್ದವು. ಅವನು ಇವತ್ತು ಈ ಹಾಲಿಗೆ ಬಂದು ಮಕ್ಕಳಿಗೆ ಕಲಿಸುತ್ತೇನೆ ಎಂದರೆ, ಮೊದಲು ಮದುವೆಯಾಗಿ ಬಾ ಎಂದು ಇವರು ಕಳಿಸುತ್ತಾರೆ. ಮದುವೆಯೂ ನಿನ್ನದೇ ಕೊಡುಗೆ ಕರ್ತನೇ, ಅದನ್ನು ನಾನು ಹೀಯಾಳಿಸುವುದಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಎಲ್ಲರ ಡಬ್ಬಿ ಕಟ್ಟುವ ಹೆಂಡತಿಯರನ್ನು ಆಶೀರ್ವದಿಸು. ಅವರಲ್ಲಿ ಎಷ್ಟೋ ಜನ ನನಗಿಂತ ಒಂಟಿ, ಅದನ್ನು ಹೇಳುವ ಧೈರ್ಯ ಅವರಿಗಿಲ್ಲ. ಎರಡೂ ನೀನೇ ಕೊಟ್ಟದ್ದು. ಒಂದನ್ನು ಬಹುಮಾನ ಮಾಡಿ ಇನ್ನೊಂದನ್ನು ಶಿಕ್ಷೆ ಮಾಡಿದವರು ಇವರು. ಇವರ ಕೈಯಲ್ಲಿ ಪುಸ್ತಕ ಇದೆ, ತೆರೆಯುವ ಮನಸ್ಸು ಕೊಡು. ಇವರಿಗೆ ನಾಲಗೆ ಇದೆ, ಮುಚ್ಚುವ ಶಕ್ತಿ ಕೊಡು. ಹನ್ನೊಂದು ವರ್ಷ ನಾನು ಕಲಿಸಿದ ಮಕ್ಕಳು ದೊಡ್ಡವರಾಗಿ ಈ ಹಾಲಿನಲ್ಲಿ ಕೂತಾಗ, ಒಬ್ಬ ಹೆಂಗಸಿನ ಹೆಸರು ಬಂದರೆ, ಅವಳ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡದೆ ಅವಳನ್ನೇ ನೋಡಲಿ. ಆಮೆನ್."

"ಆಮೆನ್," ಎಂದರು ಎಲ್ಲರೂ. ರತ್ನಾವತಿಯ ಭುಜ ಅಲುಗುತ್ತಿತ್ತು. ವಾಸಂತಿಗೆ ಮೈಯೆಲ್ಲ ಹಗುರಾಯಿತು. ಸ್ಥಾನ ಹೋಯಿತು, ಹೋಗಲಿ, ಮಾತು ಮುಟ್ಟಿತಲ್ಲ ಎಂದುಕೊಂಡು ಚೀಲ ಹೆಗಲಿಗೆ ಹಾಕಿ ಬಾಗಿಲ ಕಡೆ ನಡೆದಳು.

ಹಿಂದಿನಿಂದ ಜಯಪ್ರಕಾಶರ ಗದ್ಗದ ಸ್ವರ ಕೇಳಿಸಿತು. ಪಿಸುಮಾತೆಂದು ಅವರು ಆಡಿದ್ದು, ಆದರೆ ಪ್ಲಾಟ್‌ಫಾರಂ ಕಂಠ, ಇಂಗ್ಲಿಷ್ ಆರಾಧನೆಯವರೆಗೂ ಹೋಯಿತು:

"ಎಂಥಾ ಪ್ರಾರ್ಥನೆ ಮಾರಾಯ್ರೆ! ಇಂಥ ಹುಡುಗಿಯನ್ನು ನಿಶ್ಚಯ ಮಾಡಿ ಕೈಬಿಟ್ಟವನು ಯಾವನೋ, ಪಾಪಿ! ರತ್ನಾ, ಮುಂದಿನ ಭಾನುವಾರದ ಪ್ರಾರ್ಥನೆಗೆ ಇವಳ ಹೆಸರು ಬರ್ಕೊ."